ಆಫ್ರಿಕನ್ ಟಾಲ್ ಮೇವಿನ ಗೋವಿನಜೋಳ: ಎರಡು ಬೆಳೆ ತೆಗೆದ ಮೇಲೆ

ನಮ್ಮ ಹೊಲ ಬೆಳಗಾವಿ ಜಿಲ್ಲೆಯ ಮೂಡಲಗಿ ಹತ್ತಿರ. ಮೂರು ಎಮ್ಮೆ, ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಆಕಳು ಇವೆ. ಸುತ್ತ ಎಲ್ಲಾ ಕಬ್ಬು. ಕಟಾವು ಶುರುವಾದರೆ ದನಕ್ಕೆ ಸೋಗೆಯೇ ಗತಿ. ಹೊಟ್ಟೆ ತುಂಬುತ್ತದೆ, ಹಾಲು ಏರುವುದಿಲ್ಲ. ಅದಕ್ಕೇ ಬಾವಿ ಪಕ್ಕದ 20 ಗುಂಟೆಗೆ ಆಫ್ರಿಕನ್ ಟಾಲ್ ಬಿತ್ತಿದೆ.

ಮೊದಲ ಸಲ ಅಂಗಡಿಯವರು ಹಳೆ ಬೀಜ ಕೊಟ್ಟಿದ್ದರು. ಅರ್ಧಕ್ಕರ್ಧ ಹುಟ್ಟಲೇ ಇಲ್ಲ. ಎರಡನೇ ಸಲ 100 ಕಾಳು ಎಣಿಸಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟೆ. 91 ಮೊಳಕೆ ಬಂದವು, ಆಮೇಲೆ ಬಿತ್ತಿದೆ. ನೀವೂ ಇಷ್ಟು ಮಾಡಿ.

ಇಳುವರಿಗೆ ಪೂರ್ತಿ ಅಂಕ. ಒಂದು ಗುಂಟೆ ಕೊಯ್ದು, ಹೊರೆ ಹೊರೆ ತೂಗಿದೆ. 430 ಕಿಲೋ. ಎಕರೆಗೆ 17 ಟನ್ ಲೆಕ್ಕ ಆಯ್ತು. ಆದರೆ ತೂಕ ನೋಡಿ ಹಿಗ್ಗಬೇಡಿ, ಅದರಲ್ಲಿ ಮುಕ್ಕಾಲು ಪಾಲು ನೀರು. ಮೊದಲ ಬೆಳೆಯನ್ನು 45 ದಿನಕ್ಕೇ ಕೊಯ್ದಿದ್ದೆ. ಹಸಿರಾಗಿ ಚೆನ್ನಾಗಿತ್ತು, ಸಗಣಿ ಮಾತ್ರ ತೆಳ್ಳಗಾಯಿತು, ಹಾಲು ಅಷ್ಟಕ್ಕೇ ನಿಂತಿತು. ಎರಡನೇ ಸಲ 68 ದಿನ ಕಾದೆ. ಕಾಳನ್ನು ಉಗುರಲ್ಲಿ ಒತ್ತಿದರೆ ಹಾಲು ಬರಬೇಕು, ಅದೇ ಹದ. ಎರಡು ಆಕಳಿಂದ ಹೊತ್ತಿಗೆ ಒಂದೂವರೆ ಲೀಟರ್ ಜಾಸ್ತಿ ಬಂತು. ಎಳೆ ಬಿಳಿಜೋಳದ ವಿಷದ ಭಯವೂ ಇದರಲ್ಲಿಲ್ಲ.

ಪ್ರೋಟೀನ್ ಕಡಿಮೆ. ಒಣ ತೂಕದಲ್ಲಿ ಶೇ. 8–9 ಅಷ್ಟೇ. ಹಿಂಡಿ ಬಿಡುವ ಹಾಗಿಲ್ಲ. ನಾನು ಮೂರು ಸಾಲಿಗೊಂದು ಸಾಲು ಅಲಸಂದೆ ಹಾಕಿದ್ದೆ, ದನ ಮೊದಲು ಅದನ್ನೇ ಆರಿಸಿ ತಿಂದವು. ರಸಮೇವು (ಹಸಿ ಮೇವನ್ನು ಕತ್ತರಿಸಿ, ಗಾಳಿಯಾಡದಂತೆ ಮುಚ್ಚಿ ಹುಳಿಸಿಡುವ ಸೈಲೇಜ್) ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ಇದರ ತೆನೆ ಸಣ್ಣದು, ರಸಮೇವಿನ ಶಕ್ತಿಯಲ್ಲಿ ದೊಡ್ಡ ಪಾಲು ಕಾಳಿನ ಹಿಟ್ಟಿನದು. ಅವರು ತೆನೆ ದಪ್ಪ ಬರುವ ಹೈಬ್ರಿಡ್ ನೋಡಲಿ.

ಜೋರು ಗಾಳಿಗೆ ಎರಡು ಗುಂಟೆ ಮಲಗಿತು. ಯೂರಿಯಾ ಸ್ವಲ್ಪ ಕೈ ಬಿಗಿ ಹಿಡಿದು ಹಾಕಬೇಕಿತ್ತು.

ನನ್ನ ದೊಡ್ಡ ತಪ್ಪು ಬೇರೆ. 20 ಗುಂಟೆಯನ್ನೂ ಒಂದೇ ದಿನ ಬಿತ್ತಿದೆ. ಐದು ದನಕ್ಕೆ ದಿನಕ್ಕೆ 125 ಕಿಲೋ ಸಾಕು, ಅಂದರೆ ಎರಡು ತಿಂಗಳ ಮೇವು. ಹದ ಇರುವುದು ಹದಿನೈದೇ ದಿನ. ಆಮೇಲೆ ದಂಟು ಬಲಿತು ಗೋದಲಿಯಲ್ಲೇ ಉಳಿಯಿತು. ಈ ಸಲ ಹದಿನೈದು ದಿನಕ್ಕೊಮ್ಮೆ ಐದೈದು ಗುಂಟೆ ಬಿತ್ತುತ್ತಿದ್ದೇನೆ. ಮೊದಲ ಪಟ್ಟಿ ಈಗ ಮೊಣಕಾಲೆತ್ತರ ಬಂದಿದೆ.