ಹಬ್ಬದ ಸೀಸನ್‌ಗೆ ಜನ ಬೇಕು: ಬೋರ್ಡು, ಆಪ್, ಏಜೆನ್ಸಿ, ಪರಿಚಯ

ದಾವಣಗೆರೆಯಲ್ಲಿ ಸೀರೆ ಅಂಗಡಿ ಇಟ್ಟವರಿಗೆ ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ಮಾಲಿನ ಚಿಂತೆ ಅಷ್ಟಿರುವುದಿಲ್ಲ. ಸೂರತ್‌ನಿಂದಲೋ ಇಳಕಲ್‌ನಿಂದಲೋ ಅದು ಹೇಗೋ ಬರುತ್ತದೆ. ಬಂದ ಮಾಲನ್ನು ಗಿರಾಕಿ ಮುಂದೆ ಬಿಚ್ಚಿ ತೋರಿಸಿ, ಮತ್ತೆ ಮಡಚಿಡುವ ಜನ ಸಿಗುವುದಿಲ್ಲ. ವರ್ಷಪೂರ್ತಿ ನಮ್ಮಲ್ಲಿ ಇರುವವರ ಜೊತೆ ಇನ್ನೂ ಅರ್ಧದಷ್ಟು ಜನ ಬೇಕು, ಅದೂ ಎರಡೂವರೆ ತಿಂಗಳಿಗೆ ಮಾತ್ರ. ಅದೇ ಹೊತ್ತಿಗೆ ಪಕ್ಕದ ಅಂಗಡಿಗೂ ಬೇಕು, ಎದುರಿನ ಚಪ್ಪಲಿ ಅಂಗಡಿಗೂ ಬೇಕು, ಪಾರ್ಸಲ್ ಕಂಪನಿಗಳಿಗೂ ಬೇಕು.

ಕೆಲವು ವರ್ಷಗಳಿಂದ ನಾನು ಎಲ್ಲ ದಾರಿಗಳನ್ನೂ ಹಿಡಿದು ನೋಡಿದ್ದೇನೆ. ಹೋಲಿಸುವಾಗ ಎಷ್ಟು ಜನ ಬಂದರು ಅಂತ ನಾನು ಎಣಿಸುವುದಿಲ್ಲ. ನೀರು ತುಂಬುವ ಹಬ್ಬದ ಸಂಜೆ ಕೌಂಟರ್ ಹಿಂದೆ ಯಾರು ಉಳಿದಿದ್ದಾರೆ, ಅಷ್ಟೇ ನೋಡುತ್ತೇನೆ. 2025ರಲ್ಲಿ ಅದು ಅಕ್ಟೋಬರ್ 19, ಭಾನುವಾರ ಬಿತ್ತು. ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅವತ್ತು ಕೆಲಸದವರ ಮನೆಯಲ್ಲೂ ಹಬ್ಬವೇ, ಅಲ್ವಾ? ಅವರ ಅಮ್ಮನೂ ಹಂಡೆ ತೊಳೆದು ನೀರು ತುಂಬಿಸಬೇಕು. ಹೀಗಾಗಿ ಸೀಸನ್ ಕೆಲಸಕ್ಕೆ ಜನ ಹುಡುಕುವುದು ಬೇರೆ ತಿಂಗಳ ಹಾಗಲ್ಲ.

ಮೊದಲು ಬೋರ್ಡು. 'ಸೇಲ್ಸ್‌ಗೆ ಹುಡುಗರು, ಹುಡುಗಿಯರು ಬೇಕಾಗಿದ್ದಾರೆ' ಅಂತ ಬಾಗಿಲಿಗೆ ಅಂಟಿಸಿದರೆ ಖರ್ಚು ಅಂದರೆ ಒಂದು ಪ್ರಿಂಟೌಟ್. ಜನ ನಿಜವಾಗಿಯೂ ಬರುತ್ತಾರೆ. ಎದುರಿಗೇ ನಿಂತು ಮಾತಾಡುವುದರಿಂದ ಗಿರಾಕಿ ಜೊತೆ ಹೇಗೆ ಮಾತಾಡಬಹುದು ಅನ್ನುವುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ತೊಂದರೆ ಏನೆಂದರೆ, ನಮ್ಮ ಬೋರ್ಡು ನೋಡಿ ಬಂದವರು ಮುಂದಿನ ಅಂಗಡಿಯ ಬೋರ್ಡನ್ನೂ ನೋಡಿರುತ್ತಾರೆ. ಅಲ್ಲಿ ದಿನಕ್ಕೆ ಐವತ್ತು ರೂಪಾಯಿ ಜಾಸ್ತಿ ಅಂದರೆ ನವರಾತ್ರಿ ನಡುವೆಯೇ ಹೋಗಿಬಿಡುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಐವತ್ತು ರೂಪಾಯಿಗೆ ನಾವೂ ಸೂರತ್‌ನಲ್ಲಿ ವ್ಯಾಪಾರಿ ಬದಲಾಯಿಸುತ್ತೇವೆ.

ಕೆಲಸ ಹುಡುಕುವ ಆಪ್‌ನಲ್ಲಿ ಹಾಕಿದರೆ ಫೋನ್ ಬಿಡುವೇ ಕೊಡುವುದಿಲ್ಲ. ರಾಣೆಬೆನ್ನೂರು, ಚಿತ್ರದುರ್ಗ, ಒಮ್ಮೆ ಕಲಬುರಗಿಯಿಂದಲೂ ಕರೆ ಬಂತು. 'ರೂಮ್ ಕೊಡ್ತೀರಾ ಸರ್?' ಅಂತ ಕೇಳಿ ಇಡುತ್ತಾರೆ. ನಾಳೆ ಬರ್ತೀನಿ ಅಂದವರು ಬರುವುದಿಲ್ಲ. ಬಿಲ್ಲಿಂಗ್‌ಗೆ ಮಾತ್ರ ಆಪ್ ಪರವಾಗಿಲ್ಲ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಕಲಿತ ಹುಡುಗರು ಅಲ್ಲಿ ಇರುತ್ತಾರೆ, ಹುಡುಕಿದರೆ ಸಿಗುತ್ತಾರೆ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಯಿತು. 2,500 ರೂಪಾಯಿವರೆಗಿನ ರೆಡಿಮೇಡ್ ಬಟ್ಟೆ 5%ಗೆ ಬಂತು, ಅದರ ಮೇಲಿನದು 18% ಆಯಿತು. ಅವತ್ತೇ ನವರಾತ್ರಿಯೂ ಶುರು. ಆ ವಾರ ಆಪ್‌ನಿಂದ ಸಿಕ್ಕ ಹುಡುಗನೊಬ್ಬ ಡ್ರೆಸ್ ಕೌಂಟರಿನ ಬಿಲ್ಲುಗಳನ್ನು ತಡವರಿಸದೆ ನೋಡಿಕೊಂಡ. ಹಬ್ಬ ಮುಗಿದ ಮೇಲೆ ಬೆಂಗಳೂರಿಗೆ ಹೋದ.

ಏಜೆನ್ಸಿ ವಿಷಯಕ್ಕೆ ಬಂದರೆ ದುಡ್ಡಿನ ಲೆಕ್ಕ ಹಾಕಲೇಬೇಕು. ಒಬ್ಬರಿಗೆ ತಿಂಗಳಿಗೆ 15,000 ಸಂಬಳ ಅಂತ ಇಟ್ಟುಕೊಳ್ಳಿ. ಮಾಲೀಕನ ಕಡೆಯ ಪಿಎಫ್ ಆಡಳಿತ ಖರ್ಚೂ ಸೇರಿ ಸುಮಾರು 13%, ನೌಕರರ ವಿಮೆ ಇಎಸ್ಐ 3.25%. ಅದರ ಮೇಲೆ ಏಜೆನ್ಸಿ ಕಮಿಷನ್, ನನಗೆ ಹೇಳಿದ್ದು 8%. ಒಟ್ಟು ಮೊತ್ತಕ್ಕೆ 18% ಜಿಎಸ್‌ಟಿ. ಕೊನೆಗೆ ಬಿಲ್ಲು 22,000 ದಾಟುತ್ತದೆ. ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಇದೆ, ಅಂದರೆ ಅದನ್ನು ನಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು, ನಿಜ. ಆದರೂ ದುಡ್ಡು ಮೊದಲು ನಮ್ಮ ಗಲ್ಲಾದಿಂದಲೇ ಹೋಗಬೇಕು. ಇಷ್ಟು ಕೊಟ್ಟ ಮೇಲೆ ಕಾಗದಪತ್ರದ ತಲೆನೋವು ಇರುವುದಿಲ್ಲ. ಒಬ್ಬ ಬಾರದಿದ್ದರೆ ಇನ್ನೊಬ್ಬನನ್ನು ಕಳಿಸುತ್ತಾರೆ. ಆದರೆ ಆ ಇನ್ನೊಬ್ಬನಿಗೆ ಕಾಟನ್ ಎಲ್ಲಿದೆ, ಸಿಲ್ಕ್ ಎಲ್ಲಿದೆ ಅಂತ ಮತ್ತೆ ಮೊದಲಿನಿಂದ ಹೇಳಬೇಕು. ಗೋದಾಮಿಗೆ, ಬಾಗಿಲ ಬಳಿಯ ಸೆಕ್ಯುರಿಟಿಗೆ ಏಜೆನ್ಸಿ ಸರಿ. ಸೀರೆ ಕೌಂಟರಿಗೆ ನಾನು ಇನ್ನು ಅವರನ್ನು ಕೇಳುವುದಿಲ್ಲ.

ಉಳಿದದ್ದು ಪರಿಚಯ. ನಮ್ಮಲ್ಲಿ ವರ್ಷಗಳಿಂದ ಇರುವವರೇ ತಮ್ಮ ತಂಗಿಯನ್ನೋ, ಓಣಿಯ ಹುಡುಗಿಯನ್ನೋ ಕರೆದುಕೊಂಡು ಬರುವುದು. 'ಸಾವ್ಕಾರ್ರೆ, ನಮ್ಮ ಚಿಕ್ಕಮ್ಮನ ಮಗಳು, ಪಿಯುಸಿ ಆಗೇತಿ, ನಾನು ಹೇಳಿಕೊಡ್ತೀನಿ' ಅಂದರೆ ನನಗೆ ಅರ್ಧ ಕೆಲಸ ಮುಗಿದ ಹಾಗೆ. ಆ 'ನಾನು ಹೇಳಿಕೊಡ್ತೀನಿ' ಇದೆಯಲ್ಲ, ಅದನ್ನು ಆಪ್‌ನಲ್ಲಿ ಕೊಳ್ಳಲು ಆಗುವುದಿಲ್ಲ. ಸೀರೆ ವ್ಯಾಪಾರದ ಮೊದಲ ಪ್ರಶ್ನೆ 'ಉಡೋದಕ್ಕಾ, ಕೊಡೋದಕ್ಕಾ?' ಅಂತ. ಉಡಿ ತುಂಬಲು ಬಂದವರಿಗೆ ಕಂಚಿ ತೋರಿಸಿದರೆ ಅವರು ಹೆದರಿ ಎದ್ದು ಹೋಗುತ್ತಾರೆ. ತಾನೇ ಉಡಲು ಬಂದವಳಿಗೆ ಕೊಡುವ ಸೀರೆ ತೋರಿಸಿದರೆ ಸಿಟ್ಟಾಗುತ್ತಾಳೆ. ಇದನ್ನು ಹೊಸಬರು ಪಕ್ಕದಲ್ಲಿ ನಿಂತ ಅಕ್ಕನನ್ನು ನೋಡಿಯೇ ಕಲಿಯಬೇಕು.

ಪರಿಚಯದವರು ಹಬ್ಬದ ಸಂಜೆ ನಿಲ್ಲುತ್ತಾರೆ, ಯಾಕಂದರೆ ಬಾರದಿದ್ದರೆ ಕರೆತಂದವರ ಮಾತು ಹೋಗುತ್ತದೆ. ಹಾಗಂತ ಎಲ್ಲವೂ ಸಲೀಸಲ್ಲ. ಒಂದೇ ಊರಿನ ನಾಲ್ವರನ್ನು ತೆಗೆದುಕೊಂಡರೆ ಆ ಊರಲ್ಲಿ ಮದುವೆಯಾದ ದಿನ ನಾಲ್ವರೂ ಇಲ್ಲ. ಒಬ್ಬರಿಗೆ ಗದರಿದರೆ ನಾಲ್ವರ ಮುಖವೂ ಊದುತ್ತದೆ. ಸಂಬಳದ ಗುಟ್ಟಂತೂ ಇರುವುದೇ ಇಲ್ಲ. ಹೊಸಬಳಿಗೆ ಸೀಸನ್ ರೇಟು ಅಂತ ಜಾಸ್ತಿ ಕೊಟ್ಟಿದ್ದು ಹಳಬಳಿಗೆ ಸಂಜೆಯೊಳಗೆ ಗೊತ್ತು. ಅದಕ್ಕೇ ನಾನು ಹಳಬರಿಗೂ ಆ ಎರಡೂವರೆ ತಿಂಗಳು ಸೀಸನ್ ಭತ್ಯೆ ಅಂತ ಕೊಡುತ್ತೇನೆ, ಕರೆತಂದವರಿಗೆ ಬೇರೆಯಾಗಿ ಸ್ವಲ್ಪ ಕೊಡುತ್ತೇನೆ. ಹಾಗೆ ಕೊಟ್ಟರೂ ಏಜೆನ್ಸಿ ಕಮಿಷನ್‌ಗಿಂತ ಕಡಿಮೆಯೇ ಬೀಳುತ್ತದೆ.

ಇನ್ನೊಂದು ಮಾತು. ನಮ್ಮ ಹಳೆಯ ಸೇಲ್ಸ್‌ಮನ್ ಚಾಚಾ ತಮ್ಮ ಕಡೆಯ ಹುಡುಗರನ್ನು ಕರೆತರುತ್ತಾರೆ. ದೀಪಾವಳಿ ಮೂರೂ ದಿನ ಅವರು ಕೌಂಟರ್ ಬಿಟ್ಟು ಕದಲುವುದಿಲ್ಲ. ರಂಜಾನ್ ಕೊನೆಯ ವಾರ ಅವರು ರಜಾ ಕೇಳಿದಾಗ ಉಳಿದವರು ನಿಲ್ಲುತ್ತಾರೆ. ಈ ಕೊಡು-ಕೊಳ್ಳುವಿಕೆ ನಮ್ಮ ಪೇಟೆಯಲ್ಲಿ ನಮ್ಮಪ್ಪನ ಕಾಲದಿಂದಲೂ ನಡೆದು ಬಂದಿದೆ.

ಹಳ್ಳಿಯಿಂದ ಬರುವ ಹೆಣ್ಣುಮಕ್ಕಳು 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಜಾಸ್ತಿಯಾದರು. ಬಸ್ ಚಾರ್ಜಿಗೇ ಸಂಬಳದ ಒಂದು ಪಾಲು ಹೋಗುತ್ತಿದ್ದಾಗ ಹರಿಹರದ ಆಚೆಯಿಂದ ಯಾರು ಬರುತ್ತಿದ್ದರು? ಆದರೆ ಉಚಿತ ಇರುವುದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಎಷ್ಟೋ ಹಳ್ಳಿಗೆ ಓಡುವುದು ಖಾಸಗಿ ಬಸ್ಸು. ಅದಕ್ಕೆ ಕೆಲಸಕ್ಕೆ ತೆಗೆದುಕೊಳ್ಳುವಾಗ ನಾನು ಮೊದಲು ಕೇಳುವುದು ಓದಿನ ಬಗ್ಗೆ ಅಲ್ಲ, ನಿಮ್ಮೂರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ. ಅವರನ್ನು ಆ ಹೊತ್ತಿಗೆ ಬಿಡುತ್ತೇವೆ. ರಾತ್ರಿಯ ಮಡಿಕೆ ಕೆಲಸ, ಅಂದರೆ ಬಿಚ್ಚಿದ ಸೀರೆ ಮಡಚಿಡುವುದು, ಇಲ್ಲೇ ಊರಲ್ಲಿರುವ ಹುಡುಗರ ಪಾಲು.

ಕಾಲೇಜು ಹುಡುಗರನ್ನು ಬಿಡಬಾರದು. ಶನಿವಾರ ಮಧ್ಯಾಹ್ನ, ಭಾನುವಾರ ಪೂರ್ತಿ ಅವರಿಗೆ ಬಿಡುವು, ನಮಗೆ ಅದೇ ಹೊತ್ತಿಗೆ ಜನ ಬೇಕು. ಮೇಲಿನ ಅಟ್ಟದಿಂದ ಗಂಟು ಇಳಿಸುವುದು, ಪ್ಯಾಕಿಂಗ್, ಸ್ಟಿಕ್ಕರ್ ಅಂಟಿಸುವುದು ಎಲ್ಲ ಚಕಚಕ ಮುಗಿಸುತ್ತಾರೆ. ಸೆಮಿಸ್ಟರ್ ಪರೀಕ್ಷೆ ಬಂದರೆ ಮಾತ್ರ ಮಾಯ. ಕೆಲವು ಕಡೆ ಓಡಿಹೋಗದಿರಲಿ ಅಂತ ಅವರ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತಾರಂತೆ. ಅದು ನನಗೆ ಸರಿಕಾಣುವುದಿಲ್ಲ. ಆಧಾರ್ ಜೆರಾಕ್ಸ್ ಸಾಕು. ದುಡ್ಡು ಆಯಾ ವಾರಕ್ಕೇ ಕೊಟ್ಟರೆ ತಾವೇ ಬರುತ್ತಾರೆ.

ಯಾವ ದಾರಿ ಹಿಡಿದರೂ ಹೊತ್ತು ಮುಖ್ಯ. ಗಣೇಶ ಚೌತಿಯೊಳಗೆ ಸೇರಿಸಿಕೊಂಡುಬಿಡಬೇಕು. ಪಿತೃಪಕ್ಷದಲ್ಲಿ ಹೊಸ ಕೆಲಸ ಶುರು ಮಾಡಲು ಜನ ಒಪ್ಪುವುದಿಲ್ಲ. ಗಿರಾಕಿಗಳೂ ಆ ಹದಿನೈದು ದಿನ ಹೊಸ ಬಟ್ಟೆ ಮುಟ್ಟುವುದಿಲ್ಲ. ಅಂಗಡಿ ಖಾಲಿ ಇರುವ ಆ ದಿನಗಳಲ್ಲೇ ಹೊಸಬರು ಮಡಿಕೆ, ರೇಟು, ರ‍್ಯಾಕು ಕಲಿಯುತ್ತಾರೆ. ಮಹಾಲಯ ಅಮಾವಾಸ್ಯೆ ಆದಮೇಲೆ ಬಂದವರಿಗೆ ಕಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಬೋನಸ್ಸನ್ನೂ ಸೇರಿಸುವಾಗಲೇ ಲೆಕ್ಕಕ್ಕೆ ಹಿಡಿಯಿರಿ. 20 ಜನ ಇರುವ ಕಡೆ, ವರ್ಷದಲ್ಲಿ 30 ದಿನ ಕೆಲಸ ಮಾಡಿದವರಿಗೂ ಕನಿಷ್ಠ 8.33% ಬೋನಸ್ಸಿನ ಹಕ್ಕಿದೆ. ಸೀಸನ್‌ನವರಿಗೆ ಇಲ್ಲ ಅಂತ ಸುಮ್ನೆ ಹೇಳುವವರು ಬಹಳ ಮಂದಿ.

ಈ ವರ್ಷಕ್ಕೆ ಸೀರೆ ಕೌಂಟರ್ ಪೂರ್ತಿ ಪರಿಚಯದವರಿಗೆ, ಬಿಲ್ಲಿಂಗ್‌ಗೆ ಆಪ್, ವಾರದ ಕೊನೆಗೆ ಕಾಲೇಜು ಹುಡುಗರು, ಬಾಗಿಲಿಗೆ ಏಜೆನ್ಸಿಯ ಒಬ್ಬರು ಅಂತ ಇಟ್ಟುಕೊಂಡಿದ್ದೇನೆ. ಬೋರ್ಡನ್ನೂ ಹಾಕುತ್ತೇನೆ, ಒಳ್ಳೆಯವರು ಒಬ್ಬರಾದರೂ ಸಿಕ್ಕಾರು. ಚೆನ್ನಾಗಿ ಮಾಡಿದವರನ್ನು ಪಾಡ್ಯ ಮುಗಿದ ಕೂಡಲೇ ಬಿಡುವುದಿಲ್ಲ. ತುಳಸಿ ಲಗ್ನ ಆಯಿತೆಂದರೆ ಮದುವೆ ಜವಳಿ ಶುರು, ಆಗ ಧಾರೆ ಸೀರೆ ತೋರಿಸಲು ಜನ ಬೇಕೇ ಬೇಕು.