ಓವರ್‌ಲಾಕ್ ಮಷಿನ್ ಕೊಳ್ಳುವ ಮೊದಲು ದಾರ ನೀವೇ ಪೋಣಿಸಿ ನೋಡಿ

ಮನೆಯಲ್ಲಿ ನೈಟಿ, ಚೂಡಿದಾರ್, ಮಕ್ಕಳ ಬಟ್ಟೆ ಹೊಲಿಯುವವರು ಮೊದಲ ಸಲ, ಬಟ್ಟೆಯ ಅಂಚು ಕತ್ತರಿಸಿ ದಾರ ಸುತ್ತಿ ಹೊಲಿಯುವ ಓವರ್‌ಲಾಕ್ ಮಷಿನ್ ಕೊಳ್ಳಲು ಹೊರಟಿದ್ದರೆ ಇದನ್ನು ಓದಿ. "ಗಾರ್ಮೆಂಟ್ಸ್ ಫ್ಯಾಕ್ಟರಿ ಮಾಲು, ಹೊಸದಕ್ಕಿಂತ ಗಟ್ಟಿ, ಅರ್ಧ ರೇಟು" ಅಂತ ಯಾರಾದರೂ ಶುರು ಮಾಡಿದರೆ ಅಲ್ಲಿಂದ ಎದ್ದು ಬನ್ನಿ. ಬೆಂಗಳೂರಿನ ಪೇಟೆ ಕಡೆಯ ಒಂದು ಅಂಗಡಿಯವರು ಹೀಗೇ ಹೇಳಿ ನನಗೆ 14,000 ರೂಪಾಯಿಗೆ ಒಂದನ್ನು ಸಾಗಹಾಕಿದರು.

ನಾಲ್ಕು ದಾರದ್ದು ಬೇಕು, ಡಿಫರೆನ್ಶಿಯಲ್ ಫೀಡ್ (ಬಟ್ಟೆ ಅಲೆಯಾಗದಂತೆ, ಸುಕ್ಕಾಗದಂತೆ ತಳ್ಳುವ ವ್ಯವಸ್ಥೆ) ಇರಬೇಕು, ಬಾಡಿಗೆ ಮನೆ ಆದ್ದರಿಂದ ಸದ್ದು ಕಡಿಮೆ ಇರಬೇಕು ಅಂತ ಬಿಡಿಸಿ ಹೇಳಿದ್ದೆ. ಎಲ್ಲಕ್ಕೂ "ಇದೆ ಮೇಡಂ" ಅಂದರು. ಅಂಗಡಿಯ ಹುಡುಗ ಮೊದಲೇ ದಾರ ಪೋಣಿಸಿಟ್ಟಿದ್ದ ಮಷಿನ್‌ನಲ್ಲಿ ದಪ್ಪ ಕಾಟನ್ ತುಂಡೊಂದನ್ನು ಭರ್ರನೆ ಓಡಿಸಿ ತೋರಿಸಿದ. ದಪ್ಪ ಕಾಟನ್ ಮೇಲೆ ಎಂಥ ಹಳೇ ಮಷಿನ್ ಕೂಡ ಚೆನ್ನಾಗಿಯೇ ಹೊಲಿಯುತ್ತದೆ, ಅದಕ್ಕೇ ಡೆಮೊಗೆ ಅದೇ ತುಂಡು.

ತೋರಿಸಿದ್ದು ಒಂದು, ಟೆಂಪೋದಲ್ಲಿ ಮನೆಗೆ ಬಂದದ್ದು ಇನ್ನೊಂದು. ಬಣ್ಣ ಮಾತ್ರ ಒಂದೇ. ಬಂದದ್ದಕ್ಕೆ ಇದ್ದದ್ದು ಒಂದೇ ಸೂಜಿ, ಎರಡು ಲೂಪರ್ (ಅಂಚಿಗೆ ದಾರ ಸುತ್ತುವ ಕೊಕ್ಕೆ), ಅಂದರೆ ಮೂರೇ ದಾರ. ಬಟ್ಟೆಯ ಅಂಚು ಸುತ್ತಲು ಅಷ್ಟು ಸಾಕು. ಆದರೆ ಟೀ ಶರ್ಟ್ ಬಟ್ಟೆಯನ್ನು ಜೋಡಿಸಿ ಹೊಲಿಯಲು ಎರಡು ಸೂಜಿಯ ನಾಲ್ಕು ದಾರವೇ ಗಟ್ಟಿ. ಫೋನ್ ಮಾಡಿ ಕೇಳಿದರೆ "ಡಿಫರೆನ್ಶಿಯಲ್ ಪಕ್ಕದಲ್ಲೇ ಇದೆ ನೋಡಿ" ಅಂದರು. ನೋಡಿದರೆ ಅದು ಹೊಲಿಗೆಯ ಉದ್ದ ಬದಲಿಸುವ ಲಿವರ್! ನಿಜವಾದ ಡಿಫರೆನ್ಶಿಯಲ್‌ನಲ್ಲಿ ಬಟ್ಟೆ ಒತ್ತಿ ಹಿಡಿಯುವ ಪಾದದ ಕೆಳಗೆ ಹಿಂದೆ ಮುಂದೆ ಎರಡು ಹಲ್ಲುಪಟ್ಟಿ ಇದ್ದು, ಮುಂದಿನದು ಎಷ್ಟು ಬಟ್ಟೆ ತಳ್ಳಬೇಕು ಅನ್ನುವುದನ್ನು ಬೇರೆಯಾಗಿ ಹೊಂದಿಸಬಹುದು. ಮನೆಬಳಕೆಯ ಎಷ್ಟೋ ಮಷಿನ್‌ಗಳಲ್ಲಿ ಅದಕ್ಕೆ 0.7ರಿಂದ 2ರವರೆಗೆ ಗುರುತು ಇರುತ್ತದೆ. ಎಳೆಯುವ ಹೊಸೈರಿ ಬಟ್ಟೆಗೆ 1ಕ್ಕಿಂತ ಜಾಸ್ತಿ, ತೆಳ್ಳಗಿನ ಬಟ್ಟೆ ಸುಕ್ಕಾದರೆ 1ಕ್ಕಿಂತ ಕಡಿಮೆ. ಅದಿಲ್ಲದೆ ಹೊಲಿದ ನನ್ನ ನೈಟಿಯ ಕುತ್ತಿಗೆ ಕರಿದ ಹಪ್ಪಳದ ಅಂಚಿನ ಹಾಗೆ ಅಲೆ ಅಲೆಯಾಯಿತು.

ಇನ್ನು ವೇಗ. ಮನೆಬಳಕೆಯ ಓವರ್‌ಲಾಕ್ ನಿಮಿಷಕ್ಕೆ ಸುಮಾರು 1,300ರಿಂದ 1,500 ಹೊಲಿಗೆ ಹಾಕುತ್ತದೆ. ಫ್ಯಾಕ್ಟರಿಯದ್ದು 5,000 ದಾಟುತ್ತದೆ. ಅದರ ಹಳೇ ಕ್ಲಚ್ ಮೋಟರ್ ಪೆಡಲ್ ಮುಟ್ಟದಿದ್ದರೂ ಗುಂಯ್ ಅನ್ನುತ್ತಲೇ ಇರುತ್ತದೆ, ಸ್ವಲ್ಪ ಒತ್ತಿದರೆ ಬಟ್ಟೆ ಓಡಿಹೋಗುತ್ತದೆ. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದ್ದೂ ಆಯಿತು. ಇದರಲ್ಲಿ ಹೊಲಿಗೆಯ ಪಕ್ಕದಲ್ಲೇ ಅಂಚು ಕತ್ತರಿಸುವ ಕತ್ತಿ ಇರುತ್ತದೆ, ಮರೆಯಬೇಡಿ. ಬ್ಲೌಸ್‌ಗೆ ಮುಂದೆ ಬಿಚ್ಚಿಕೊಳ್ಳಲಿ ಅಂತ ಬದಿಯಲ್ಲಿ ಮಾರ್ಜಿನ್ ಬಿಡುತ್ತೇವಲ್ಲ, ಕಲಿಯುವವರ ಕೈ ಸ್ವಲ್ಪ ಜಾರಿದರೆ ಆ ಮಾರ್ಜಿನ್ ಕಸದ ಬುಟ್ಟಿಗೆ. ಗುಂಡುಪಿನ್ ಬಟ್ಟೆಯಲ್ಲಿ ಉಳಿದಿದ್ದರೆ ಕತ್ತಿಯೇ ಮುಕ್ಕಾಗುತ್ತದೆ. ಸಾಲದ್ದಕ್ಕೆ ಆಯಿಲ್ ಸೋರಿ ಬಿಳಿ ಲೈನಿಂಗ್ ಎಲ್ಲ ಕಲೆ.

ಸೂಜಿಯ ತಲೆನೋವು ಬೇರೆ. ಮಾಮೂಲಿ ಮನೆ ಮಷಿನ್ ಸೂಜಿಯ ಬುಡ ಒಂದು ಕಡೆ ಚಪ್ಪಟೆ, ತಪ್ಪಾಗಿ ಕೂರುವುದು ಕಡಿಮೆ. ಫ್ಯಾಕ್ಟರಿ ಓವರ್‌ಲಾಕ್ ಸೂಜಿಯ ಬುಡ ದುಂಡಗೆ, ಕಣ್ಣಳತೆಯಲ್ಲೇ ಕೂರಿಸಬೇಕು. ಕೂದಲೆಳೆ ತಿರುಗಿದರೂ ಹೊಲಿಗೆ ಬಿಡುತ್ತದೆ. ನಮ್ಮ ಬೀದಿಯ ಫ್ಯಾನ್ಸಿ ಸ್ಟೋರ್‌ನಲ್ಲಿ ಅದು ಸಿಗಲೂ ಇಲ್ಲ.

ವಾಪಸ್ ಮಾಡಲು ಹೋದರೆ "ಫ್ಯಾಕ್ಟರಿ ಮಾಲಿಗೆ ರಿಟರ್ನ್ ಇಲ್ಲ". ಕೊಟ್ಟದ್ದು ಬಿಲ್ ಅಲ್ಲ, ಎಸ್ಟಿಮೇಟ್ ಅಂತ ಬರೆದ ಚೀಟಿ. ಜಿಎಸ್‌ಟಿ ನಂಬರ್ ಇಲ್ಲ, ಮಾಡೆಲ್ ಇಲ್ಲ, ಮಷಿನ್‌ನ ಸೀರಿಯಲ್ ನಂಬರ್ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ ನಿಜ, ಆದರೆ ಯಾವ ಮಷಿನ್ ತೋರಿಸಿದರು, ಯಾವುದು ಕಳಿಸಿದರು ಅನ್ನುವುದಕ್ಕೆ ಆ ಚೀಟಿ ಯಾವ ಸಾಕ್ಷಿ? ಮೂರೂ ನಂಬರ್ ಬಿಲ್ಲಿನಲ್ಲಿ ಬರೆಸಿ, ದುಡ್ಡು ಕೊಡುವ ಮೊದಲು ಅದೇ ಮಷಿನ್‌ನ ಫೋಟೋ ತೆಗೆದುಕೊಳ್ಳಿ.

ಅಂಗಡಿಗೆ ಹೋಗುವಾಗ ನಿಮ್ಮದೇ ಹೊಸೈರಿ ತುಂಡು, ಜಾರ್ಜೆಟ್ ತುಂಡು ಒಯ್ಯಿರಿ. ಪೋಣಿಸಿದ ದಾರವನ್ನೆಲ್ಲ ತೆಗೆಸಿ, ನೀವೇ ಕೂತು ಪೋಣಿಸಿ. ಸಾಮಾನ್ಯವಾಗಿ ಮೊದಲು ಮೇಲಿನ ಲೂಪರ್, ಆಮೇಲೆ ಕೆಳಗಿನದು, ಕೊನೆಗೆ ಸೂಜಿ. ಪಾದ ಎತ್ತಿರಬೇಕು, ಇಲ್ಲದಿದ್ದರೆ ದಾರ ಬಿಗಿಹಿಡಿಯುವ ಟೆನ್ಶನ್ ಬಿಲ್ಲೆಗಳ ನಡುವೆ ದಾರ ಸರಿಯಾಗಿ ಕೂರುವುದಿಲ್ಲ. ಕೆಳಗಿನ ಲೂಪರ್ ದಾರ ತುಂಡಾದರೆ ಸೂಜಿಯದ್ದನ್ನೂ ತೆಗೆದು ಮತ್ತೆ ಹಾಕಬೇಕು. ದಾರ ಹೋಗುವ ದಾರಿಗೆ ಬಣ್ಣದ ಗುರುತು ಇರುವ ಮಷಿನ್‌ನಲ್ಲಿ ಇದು ಆರಾಮ. ಬೇಡವಾದಾಗ ಕತ್ತಿ ಕತ್ತರಿಸದ ಹಾಗೆ ಸರಿಸಿಡಲು ಆಗುತ್ತದಾ ಅಂತಲೂ ಕೇಳಿ.

ಅಮೆರಿಕದಿಂದ ಅಕ್ಕನೋ ಅತ್ತಿಗೆಯೋ ತಂದುಕೊಡುತ್ತಾರೆ ಅಂದರೆ ಅಲ್ಲಿನ ಕರೆಂಟ್ 120 ವೋಲ್ಟ್, ನಮ್ಮದು 230. ನೇರ ಸಿಕ್ಕಿಸಿದರೆ ಮೋಟರ್ ಸುಟ್ಟೇಹೋಗುತ್ತದೆ.

ಅಪರೂಪಕ್ಕೆ ಒಂದೆರಡು ಬಟ್ಟೆ ಹೊಲಿಯುವವರಾದರೆ ಸದ್ಯಕ್ಕೆ ಮಷಿನ್ನೇ ಬೇಡ. ಸೀರೆಗೆ ಫಾಲ್, ಪೀಕೋ ಹಾಕುವ ಅಂಗಡಿಗಳಲ್ಲಿ ಓವರ್‌ಲಾಕ್ ಕೂಡ ಮಾಡಿಕೊಡುತ್ತಾರೆ, ನಾನೂ ಈಗ ಅಲ್ಲಿಗೇ ಕೊಡುತ್ತಿದ್ದೇನೆ.