ಕ್ಲೌಡ್‌ಫ್ಲೇರ್‌ಗೆ ಡಾಟ್ ಕಾಮ್ ವರ್ಗಾವಣೆ: ಅಗ್ಗ ಹೌದು, ಆದರೆ ನೇಮ್‌ಸರ್ವರ್ ಅವರದ್ದೇ

ಡೊಮೇನನ್ನು (ವೆಬ್‌ಸೈಟಿನ ಹೆಸರು) ಒಂದು ಕಂಪನಿಯಿಂದ ಇನ್ನೊಂದಕ್ಕೆ ವರ್ಗಾಯಿಸುವಾಗ ಬಿಲ್ಲಿನಲ್ಲಿ ‘ಟ್ರಾನ್ಸ್‌ಫರ್ ಫೀ’ ಎಂದು ಬರುವ ಮೊತ್ತ, ಡಾಟ್ ಕಾಮ್‌ನ ಮಟ್ಟಿಗೆ, ಒಂದು ವರ್ಷದ ನವೀಕರಣದ ದುಡ್ಡೇ. ಉಳಿದಿರುವ ಅವಧಿಯ ಮೇಲೆ ಇನ್ನೊಂದು ವರ್ಷ ಸೇರುತ್ತದೆ (ಒಟ್ಟು 10 ವರ್ಷ ಮೀರುವಂತಿಲ್ಲ). ಹಾಗಾಗಿ ವರ್ಗಾವಣೆಯ ರಿಯಾಯಿತಿ ನೋಡಿ ಮರುಳಾಗಬೇಡಿ, ಹೊಸ ಕಡೆ ಎರಡನೇ ವರ್ಷಕ್ಕೆ ಎಷ್ಟು ಕೇಳುತ್ತಾರೆ ಎಂದು ನೋಡಿ.

ಆ ಲೆಕ್ಕದಲ್ಲಿ ಡೊಮೇನ್ ಮಾರುವ ಕಂಪನಿಗಳ (ರಿಜಿಸ್ಟ್ರಾರ್) ಪೈಕಿ ಕ್ಲೌಡ್‌ಫ್ಲೇರ್ ಗೆಲ್ಲುತ್ತದೆ. ಡಾಟ್ ಕಾಮ್ ನಡೆಸುವ ವೆರಿಸೈನ್ 2024ರ ಸೆಪ್ಟೆಂಬರ್‌ನಲ್ಲಿ ಸಗಟು ದರವನ್ನು 9.59ರಿಂದ 10.26 ಡಾಲರಿಗೆ ಏರಿಸಿತು. ಡೊಮೇನ್ ನಿಯಮಗಳನ್ನು ಮಾಡುವ ಸಂಸ್ಥೆ ಐಕ್ಯಾನ್‌ನ ಶುಲ್ಕ 2025ರ ಜುಲೈನಿಂದ 20 ಸೆಂಟ್. ಆ ದರಗಳಲ್ಲಿ ಒಟ್ಟು 10.46 ಡಾಲರ್. ಕ್ಲೌಡ್‌ಫ್ಲೇರ್ ಇದರ ಮೇಲೆ ಲಾಭ ಇಟ್ಟುಕೊಳ್ಳುವುದಿಲ್ಲ. ಸಾರ್ವಜನಿಕ ದಾಖಲೆಯಲ್ಲಿ ನಿಮ್ಮ ಹೆಸರು, ವಿಳಾಸ ಮರೆಮಾಡುವುದಕ್ಕೂ (ಪ್ರೈವಸಿ) ಬೇರೆ ಕಾಸಿಲ್ಲ. ಮೊದಲ ವರ್ಷ ನೂರಿನ್ನೂರು ರೂಪಾಯಿಗೆ ಕೊಟ್ಟು, ಆಮೇಲೆ ಪ್ರೈವಸಿಗೆ ಬೇರೆ, ನವೀಕರಣಕ್ಕೆ ಬೇರೆ ಎಂದು ಏರಿಸುವ ಕಡೆಯಿಂದ ಬಂದವರಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಇದಕ್ಕೆ ಪ್ರತಿಯಾಗಿ ಒಂದು ಕಟ್ಟುಪಾಡಿದೆ. ಸಾಮಾನ್ಯ ಖಾತೆಗಳಲ್ಲಿ ಕ್ಲೌಡ್‌ಫ್ಲೇರ್‌ನ ನೇಮ್‌ಸರ್ವರ್‌ಗಳನ್ನೇ (ನಿಮ್ಮ ಸೈಟು, ಮೇಲ್ ಎಲ್ಲಿವೆ ಎಂದು ಹೇಳುವ ಸರ್ವರ್‌ಗಳು) ಬಳಸಬೇಕು. ಡಿಎನ್‌ಎಸ್ (ಆ ವಿವರಗಳ ಪಟ್ಟಿ) ಬೇರೆ ಕಡೆ ಇಡುವ ಯೋಚನೆ ಇದ್ದರೆ ಇದು ನಿಮಗಲ್ಲ. ಒಂದೆರಡು ಡಾಲರ್ ಹೆಚ್ಚಾದರೂ ಇನ್ನೊಬ್ಬರನ್ನು ಹಿಡಿಯುವುದೇ ವಾಸಿ.

ವೆಬ್‌ಸೈಟ್ ಮತ್ತು ಇಮೇಲ್ ಕೆಡುವುದು ಕೂಡ ಹೆಚ್ಚಾಗಿ ಈ ನೇಮ್‌ಸರ್ವರ್ ಬದಲಾವಣೆಯಲ್ಲೇ. ಮೊದಲು ಸೈಟನ್ನು ಕ್ಲೌಡ್‌ಫ್ಲೇರ್‌ನ ಉಚಿತ ಪ್ಲಾನಿಗೆ ಸೇರಿಸಿ. ಅದು ಡಿಎನ್‌ಎಸ್ ದಾಖಲೆಗಳನ್ನು ತಾನೇ ಹುಡುಕಿ ತರುತ್ತದೆ, ಆದರೆ ಎಲ್ಲವನ್ನೂ ಅಲ್ಲ. ಡಿಕೆಐಎಂ (ಮೇಲ್ ನಿಮ್ಮದೇ ಎಂದು ತೋರಿಸುವ ಸಹಿ) ದಾಖಲೆಯ ಹೆಸರನ್ನು ಅದು ಹಲವು ಸಲ ಊಹಿಸಲಾರದು, ಹಾಗಾಗಿ ಹೆಚ್ಚಾಗಿ ಅದೇ ತಪ್ಪಿಹೋಗುತ್ತದೆ. ನಿಮ್ಮ ಮೇಲ್ ಸ್ಪ್ಯಾಮ್‌ಗೆ ಬೀಳತೊಡಗಿದಾಗ ಗೊತ್ತಾಗುತ್ತದೆ. ಹಳೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ತಾಳೆ ನೋಡಿ. ಮೇಲ್ ಸರ್ವರಿನ ಹೆಸರಿನ ಮುಂದೆ ಕಿತ್ತಳೆ ಮೋಡದ ಗುರುತಿದ್ದರೆ (ಅಂದರೆ ನಡುವೆ ಕ್ಲೌಡ್‌ಫ್ಲೇರ್‌ನ ಪ್ರಾಕ್ಸಿ ಇದೆ) ಬೂದು ಮಾಡಿ, ಆ ಪ್ರಾಕ್ಸಿ ಮೇಲ್ ಸಾಗಿಸುವುದಿಲ್ಲ. ಹಳೆಯ ಕಡೆ ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರ ಅಸಲಿ ಎಂದು ತೋರಿಸುವ ಸಹಿ) ಆನ್ ಆಗಿದ್ದರೆ ಮೊದಲೇ ಆಫ್ ಮಾಡಿ ಒಂದು ದಿನ ಪೂರ್ತಿ ಕಾಯಿರಿ. ಆ ಸಹಿಯನ್ನು ಸೂಚಿಸುವ ಡಾಟ್ ಕಾಮ್‌ನ ಡಿಎಸ್ ದಾಖಲೆ 24 ಗಂಟೆ ಕ್ಯಾಶೆಯಲ್ಲಿ ಕೂತಿರುತ್ತದೆ. ಅವಸರ ಮಾಡಿದರೆ ಸೈಟು ಕೆಲವರಿಗೆ ತೆರೆಯುತ್ತದೆ, ಕೆಲವರಿಗೆ ಇಲ್ಲ.

ಇದೆಲ್ಲ ಆದ ಮೇಲೆ ಹಳೆಯ ಕಡೆ ಕ್ಲೌಡ್‌ಫ್ಲೇರ್‌ನ ನೇಮ್‌ಸರ್ವರ್ ಹಾಕಿ. ಸೈಟು ‘ಆ್ಯಕ್ಟಿವ್’ ಆದ ಮೇಲಿನದು ಸುಲಭ. ಹಳೆಯ ಕಡೆ ಲಾಕ್ ತೆಗೆಯಿರಿ, ಆಥ್ ಕೋಡ್ (ವರ್ಗಾವಣೆಯ ಗುಪ್ತ ಸಂಕೇತ) ಪಡೆಯಿರಿ, ಇಲ್ಲಿ ಹಾಕಿ ಹಣ ಕಟ್ಟಿ. ಕೋಡನ್ನು ಕೇಳಿದ 5 ದಿನದೊಳಗೆ ಕೊಡಬೇಕೆಂಬುದು ಐಕ್ಯಾನ್ ನಿಯಮ. ಹಳೆಯ ರಿಜಿಸ್ಟ್ರಾರ್ ಕಳಿಸುವ ಮೇಲ್‌ನಲ್ಲಿ ಒಪ್ಪಿಗೆ ಒತ್ತಿದರೆ ಬೇಗ ಮುಗಿಯುತ್ತದೆ, ಸುಮ್ಮನಿದ್ದರೆ 5 ದಿನಕ್ಕೆ ತಾನಾಗಿ ಆಗುತ್ತದೆ. ಕೊಂಡು 60 ದಿನ ತುಂಬದ, ಅಥವಾ ಕಳೆದ 60 ದಿನಗಳಲ್ಲಿ ವರ್ಗವಾದ ಹೆಸರು ಕದಲುವುದಿಲ್ಲ. ಮಾಲೀಕರ ಹೆಸರು, ಇಮೇಲ್ ತಿದ್ದಿದರೂ ಅಷ್ಟೇ ದಿನ ಲಾಕ್ ಬೀಳಬಹುದು. ಈ ವಿವರ ಸರಿಮಾಡುವ ಉತ್ಸಾಹವನ್ನು ವರ್ಗಾವಣೆಯ ನಂತರಕ್ಕೆ ಇಟ್ಟುಕೊಳ್ಳಿ.

ದುಡ್ಡು ನಿಜವಾಗಿ ದಂಡವಾಗುವ ಜಾಗ ಇನ್ನೊಂದಿದೆ. ಅವಧಿ ಮುಗಿದ ಮೇಲೆ ಹಳೆಯ ಕಡೆ ನವೀಕರಣವಾಗಿ, ಅವಧಿ ಮುಗಿದ 45 ದಿನದೊಳಗೆ ವರ್ಗಾಯಿಸಿದರೆ, ರಿಜಿಸ್ಟ್ರಿ (ಡಾಟ್ ಕಾಮ್‌ಗೆ ವೆರಿಸೈನ್) ಆ ನವೀಕರಣವನ್ನು ರದ್ದು ಮಾಡಿ ಹಣವನ್ನು ಹಳೆಯ ರಿಜಿಸ್ಟ್ರಾರ್‌ಗೆ ಮರಳಿಸುತ್ತದೆ. ನೀವು ಎರಡು ಸಲ ಕಟ್ಟಿರುತ್ತೀರಿ, ಸಿಗುವುದು ಒಂದೇ ವರ್ಷ. ಅವರಿಂದ ವಾಪಸ್ ಕೇಳುವುದು ನಿಮ್ಮ ಪಾಡು. ಅವಧಿ ಮುಗಿಯಲು ಎರಡು ಮೂರು ವಾರ ಇರುವಾಗಲೇ ಕೆಲಸ ಶುರುಮಾಡಿ.

ಭಾರತದ ಕಾರ್ಡಿನಲ್ಲಿ ಕಟ್ಟುವವರು ಅಂತರರಾಷ್ಟ್ರೀಯ ವಹಿವಾಟನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿರಬೇಕು. ಹಲವು ಕಾರ್ಡುಗಳಲ್ಲಿ ಶೇ 2ರಿಂದ 3.5ರಷ್ಟು ವಿದೇಶಿ ವಿನಿಮಯದ ಶುಲ್ಕ, ಅದರ ಮೇಲೆ ಜಿಎಸ್‌ಟಿ ಬೀಳುತ್ತದೆ. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ಕಾರ್ಡಿನಿಂದ ತಾನಾಗಿ ಹಣ ಕಡಿತವಾಗಲು ಮುಂಚಿತ ಒಪ್ಪಿಗೆ) ನಿಯಮ ಬಂದ ಮೇಲೆ ವಿದೇಶಿ ಕಂಪನಿಗಳ ಆಟೋ ರಿನ್ಯೂವಲ್ ವಿಫಲವಾಗುವುದು ಮಾಮೂಲು. ಅದನ್ನೇ ನಂಬಿ ಕೂರದೆ ಎರಡು ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಡಿ.

ಇನ್ನು ‘ರಿಲೀಸ್ ಚಾರ್ಜ್’. ವೆಬ್‌ಸೈಟ್ ಮಾಡಿಕೊಟ್ಟವರು ಕೋಡ್ ಕೊಡಲು ಸಾವಿರಾರು ರೂಪಾಯಿ ಕೇಳಿದರೆ, ಐಕ್ಯಾನ್‌ನ ಲುಕಪ್ ಪುಟದಲ್ಲಿ ಡೊಮೇನ್ ಹಾಕಿ ನೋಡಿ. ಅಲ್ಲಿ ಕಾಣುವ ರಿಜಿಸ್ಟ್ರಾರ್ ಬೇರೆಯೇ ಆಗಿದ್ದರೆ ಇವರು ಬರೀ ರೀಸೆಲ್ಲರ್ (ಮಧ್ಯವರ್ತಿ). ಕೋಡನ್ನು ನೇರವಾಗಿ ರಿಜಿಸ್ಟ್ರಾರನ್ನೇ ಕೇಳಿ. ಮುಂದಿನ ಅವಧಿಯ ಬಾಕಿ ಎಂದು ಹೇಳಿ ವರ್ಗಾವಣೆ ತಡೆಯುವಂತಿಲ್ಲ, ಒಪ್ಪದಿದ್ದರೆ ಐಕ್ಯಾನ್‌ಗೆ ದೂರು ಕೊಡಬಹುದು. ಆದರೆ ಮಾಲೀಕರ ಜಾಗದಲ್ಲಿ ಡಿಸೈನರ್ ತನ್ನ ಹೆಸರನ್ನೇ ಹಾಕಿಕೊಂಡಿದ್ದರೆ ಈ ನಿಯಮಗಳೆಲ್ಲ ಅವರ ಪರವೇ, ಆಗ ಮೊದಲ ದಾರಿ ಮಾತುಕತೆಯೇ.